ಪಿಕೆಟ್ ದಂಡು ಮುರಿದದ್ದಕ್ಕೆ ರೈಫಲ್ಲೇ ಕಾರಣವಾ? ವಿಕ್ಸ್‌ಬರ್ಗ್ ಬಿದ್ದದ್ದು ಹೇಗೆ?

ಏಳುಸುತ್ತು (ಚಿತ್ರದುರ್ಗ)
ಅಮೆರಿಕದ ಅಂತರ್ಯುದ್ಧದ ಬಗ್ಗೆ ಒಂದೇ ಪ್ರಶ್ನೆ, ಎರಡು ತುಂಡು. 1863ರ ಜುಲೈ 3ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಸುಮಾರು 12,500 ಜನರನ್ನ (ಪಿಕೆಟ್ ದಂಡು ಅಂತಾರಲ್ಲ, ಅವರನ್ನ) ಮುಕ್ಕಾಲು ಮೈಲಿ ಬಟಾಬಯಲಲ್ಲಿ ನಡೆಸಿ ಅರ್ಧಕ್ಕಿಂತ ಜಾಸ್ತಿ ಜನರನ್ನ ಕಳಕೊಂಡ. ಎಲ್ಲರೂ ಹೇಳೋ ಕಾರಣ ಒಂದೇ: ಮಿನಿಯೆ ಗುಂಡಿನ ರೈಫಲ್ (ನಳಿಕೆಯೊಳಗೆ ಗೀರಿರೋ ಬಂದೂಕು) ಬಂದಿತ್ತು, ಜನರಲ್‌ಗಳು ಮಾತ್ರ ನೆಪೋಲಿಯನ್ ಕಾಲದ ಸಾಲು ಬಿಟ್ಟಿರಲಿಲ್ಲ ಅಂತ. ಇದು ಪೂರ್ತಿ ನಿಜಾನಾ?

ಎರಡನೇದು, ಮರುದಿನವೇ ಮಿಸಿಸಿಪ್ಪಿ ನದಿ ದಂಡೆಯ ಕೋಟೆ ಊರು ವಿಕ್ಸ್‌ಬರ್ಗ್ ಉತ್ತರದ ಸೇನಾಪತಿ ಗ್ರಾಂಟ್ ಕೈಗೆ ಬಂತು. ಆದರೆ ಮೇ 19 ಮತ್ತು 22ರಂದು ಅದೇ ಗ್ರಾಂಟ್ ಎರಡು ಸಲ ಲಗ್ಗೆ ಹಾಕಿ ಹಿಂದಕ್ಕೆ ಬಂದಿದ್ದ. ಹಾಗಾದ್ರೆ ಗೆದ್ದದ್ದು ಬರೀ ಉಪವಾಸ ಕೆಡವಿಯಾ? ದುರ್ಗದವರಿಗೆ ಮುತ್ತಿಗೆ ಅಂದ್ರೆ ಕಿವಿ ನೆಟ್ಟಗಾಗುತ್ತೆ, ಅದಕ್ಕೇ ಕೇಳ್ತಿದ್ದೀನಿ. ಶೌರ್ಯದ ಭಾಷಣ ಬೇಡ, ಲೆಕ್ಕ ಹೇಳಿ.

ಮಂಡಕ್ಕಿ ಮಿರ್ಚಿ (ದಾವಣಗೆರೆ)
ಗುಡ್ಡದ ಮೇಲೆ ತೋಪು ಇಟ್ಕೊಂಡೋರ ಎದುರಿಗೆ ನಡ್ಕೊಂಡು ಹೋದ್ರೆ ಇನ್ನೇನಾಗತೈತಿ? ಇದಕ್ಕೆ ಲೆಕ್ಕ ಬ್ಯಾರೆ ಬೇಕಾ?

ಹೊಳಲ್ಕೆರೆ ಮಾಸ್ತರ್
ಬೇಕು. ಯಾಕಂದ್ರೆ ‘ರೈಫಲ್ ಬಂತು, ಸಾಲು ಸತ್ತಿತು’ ಅನ್ನೋ ಕತೆ ಅರ್ಧ ಬೆಂದದ್ದು.

ಸ್ಪ್ರಿಂಗ್‌ಫೀಲ್ಡ್ 1861 ಮಾದರಿಯ ಬಂದೂಕು ತಗೊಳ್ಳಿ. ನಳಿಕೆ 0.58 ಇಂಚು. ಅದರ ಗುರಿಪಟ್ಟಿಯಲ್ಲಿ 100, 300, 500 ಗಜದ ದೂರಕ್ಕೆ ಒಂದೊಂದರಂತೆ ಎಲೆಗಳಿದ್ದವು (ಗುರಿ ನೋಡೋ ಪುಟ್ಟ ತಗಡು). 500 ಗಜಕ್ಕೆ ಹೊಡೆಯಬಹುದು ಅನ್ನೋದು ಕಾಗದದ ಮೇಲೆ ಸರಿ. ಆದರೆ ಗುಂಡು ನಿಧಾನ, ಭಾರ, ಹಾಗಾಗಿ ಕಮಾನಿನಂತೆ ಏರಿ ಇಳಿಯುತ್ತೆ. 300 ಗಜಕ್ಕೆ ಗುರಿ ಹೂಡಿ ಸೊಂಟಕ್ಕೆ ಹೊಡೆದರೆ ನಡುದಾರಿಯಲ್ಲಿ ಗುಂಡು ನಿಂತ ಮನುಷ್ಯನ ತಲೆಗಿಂತ ಮೇಲಿರುತ್ತೆ. ಅಂದ್ರೆ ಹತ್ತಿರದ ಒಂದು ಪಟ್ಟಿ, ದೂರದ ಒಂದು ಪಟ್ಟಿ ಮಾತ್ರ ಅಪಾಯದ ಜಾಗ. ನಡುವೆ ಇರೋನು ಪಾರು. ಎದುರಾಳಿ ನಿಮಿಷಕ್ಕೆ 80–90 ಗಜ ನಡೆದು ಬರ್ತಿರುವಾಗ ದೂರ ಅಂದಾಜು ಮಾಡಿ ಎಲೆ ಬದಲಾಯಿಸುತ್ತಾ ಹೊಡೆಯೋದಕ್ಕೆ ಅಭ್ಯಾಸ ಬೇಕು. ಎರಡೂ ಕಡೆಯ ಸೈನಿಕರಿಗೆ ಕವಾಯತು ಬೇಕಾದಷ್ಟಿತ್ತು, ಗುರಿ ಅಭ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಬಹುಪಾಲು ಕಾಳಗ ನಡೆದದ್ದು ನೂರು–ನೂರೈವತ್ತು ಗಜದ ಆಸುಪಾಸಿನಲ್ಲೇ. ಹಳೇ ನುಣುಪು ನಳಿಕೆಯ ಬಂದೂಕಿಗಿಂತ ಬಹಳ ದೂರವೇನಲ್ಲ.

ಚಳ್ಳಕೆರೆ ಎಣ್ಣೆಗಾಣ
ಮಾಸ್ತರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಿಮಿಷಕ್ಕೆ ಮೂರು ಗುಂಡು ಅಂತಾರಲ್ಲ, ಅದು ಮೊದಲ ಐದಾರು ನಿಮಿಷದ ಮಾತು. ಕಾಗದದ ತೋಟಾ ಹಲ್ಲಲ್ಲಿ ಕಚ್ಚಿ ಹರಿ, 60 ಗ್ರೇನ್ ಮದ್ದು ಸುರಿ, ಗುಂಡು ನಳಿಕೆ ಬಾಯಿಗಿಡು, ಸಲಾಕೆಯಿಂದ ಜಡಿ, ಸಲಾಕೆ ವಾಪಸ್ ಸಿಕ್ಕಿಸು, ಬಂದೂಕಿನ ಕುದುರೆ (ಬಡಿಯೋ ಸುತ್ತಿಗೆ) ಅರ್ಧ ಎಳಿ, ಕೇಪು (ಕಿಡಿ ಹಚ್ಚೋ ಪುಟ್ಟ ಟೋಪಿ) ಹಾಕು, ಪೂರ್ತಿ ಎಳಿ, ಹೊಡಿ. ಕರಿಮದ್ದಿನ ಮಸಿ ನಳಿಕೆಯೊಳಗೆ ಕಟ್ಟಿಕೊಳ್ತಾ ಹೋದಂಗೆ ಗುಂಡು ಜಡಿಯೋದೇ ಕಷ್ಟ ಆಗ್ತೈತೆ. ಗಾಬರಿಯಲ್ಲಿ ಕೇಪು ಹಾಕೋದು ಮರೀತಾರೆ, ಸದ್ದಿನಲ್ಲಿ ತನ್ನ ಬಂದೂಕು ಹಾರಿಲ್ಲ ಅಂತ ಗೊತ್ತಾಗಲ್ಲ, ಇನ್ನೊಂದು ತೋಟಾ ತುಂಬ್ತಾರೆ. ಗೆಟ್ಟಿಸ್‌ಬರ್ಗ್ ಬಯಲಲ್ಲಿ ಆಮೇಲೆ ಆಯ್ದ 27,000 ಚಿಲ್ಲರೆ ಬಂದೂಕುಗಳಲ್ಲಿ ಸುಮಾರು 24,000 ತುಂಬಿದ್ದಂಗೇ ಇದ್ವು. ಅದರಲ್ಲಿ ಅರ್ಧದಷ್ಟರಲ್ಲಿ ಎರಡೆರಡು ತೋಟಾ. ಒಂದರಲ್ಲಂತೂ 23.

ಮಂಡಕ್ಕಿ ಮಿರ್ಚಿ
23 ತೋಟಾ ತುಂಬಿದ ಬಂದೂಕು ಹಾರಿದ್ದಿದ್ರೆ ಎದುರಿನವನಿಗಿಂತ ಹಿಂದಿನವನಿಗೇ ಕಷ್ಟ 😄

ಏಳುಸುತ್ತು
ಹಂಗಾದ್ರೆ ಪಿಕೆಟ್ ಜನರನ್ನ ಕೊಂದದ್ದು ಯಾವುದು?

ಹೊಳಲ್ಕೆರೆ ಮಾಸ್ತರ್
ಮೊದಲು, ಅದು ಪಿಕೆಟ್ ಒಬ್ಬನ ದಂಡಲ್ಲ. ಪಿಕೆಟ್, ಪೆಟಿಗ್ರೂ, ಟ್ರಿಂಬಲ್ ಮೂವರ ಪಡೆಗಳು. ಪಿಕೆಟ್ ಹೆಸರು ಅಂಟಿಕೊಂಡಿತು ಅಷ್ಟೇ.

ಕೊಂದದ್ದು ಮುಖ್ಯವಾಗಿ ತೋಪು ಮತ್ತು ಪಕ್ಕೆಯ ಹೊಡೆತ. ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ದಕ್ಷಿಣದವರು ಹತ್ತಿರಹತ್ತಿರ 150 ತೋಪಿನಿಂದ ಹೊಡೆಯೋಕೆ ಶುರು ಮಾಡಿದ್ರು. ಹೊಗೆಯಲ್ಲಿ ಗುಂಡು ಎಲ್ಲಿ ಬೀಳ್ತಿದೆ ಅಂತ ಕಾಣಲಿಲ್ಲ. ಬಹುಪಾಲು ಗುಡ್ಡದ ಏಣು ದಾಟಿ ಹಿಂದೆ ಬಿದ್ದವು: ಗಾಡಿ, ಕುದುರೆ, ಆಸ್ಪತ್ರೆ ಇದ್ದ ಕಡೆಗೆ. ದಕ್ಷಿಣದವರ ಸಿಡಿಗುಂಡಿನ ಬತ್ತಿಗಳೂ ಒಂದೇ ಸಮ ಉರಿಯುತ್ತಿರಲಿಲ್ಲ. ಉತ್ತರದ ಫಿರಂಗಿ ಮುಖ್ಯಸ್ಥ ಹೆನ್ರಿ ಹಂಟ್ ತನ್ನ ತೋಪುಗಳನ್ನ ಒಂದೊಂದಾಗಿ ನಿಲ್ಲಿಸಿಬಿಟ್ಟ. ಮದ್ದು ಉಳೀತು, ಎದುರಿನವರಿಗೆ ತೋಪು ಸತ್ತವು ಅನ್ನೋ ಭ್ರಮೆಯೂ ಬಂತು. ಸಾಲು ಹೊರಟ ಮೇಲೆ ಎಡ–ಬಲದ ದಿಬ್ಬಗಳಿಂದ ಓರೆಯಾಗಿ ಹೊಡೆದ್ರು. ಎದುರಿನಿಂದ ಬಂದ ಗುಂಡು ಸಾಲಿನಲ್ಲಿ ಒಬ್ಬಿಬ್ಬರನ್ನ ಕೆಡವುತ್ತೆ, ಪಕ್ಕದಿಂದ ಬಂದದ್ದು ಸಾಲಿನ ಉದ್ದಕ್ಕೂ ಹಾಯುತ್ತೆ.

ಎಮಿಟ್ಸ್‌ಬರ್ಗ್ ರಸ್ತೆಯ ಗಟ್ಟಿ ಬೇಲಿ ಹತ್ತಿ ಇಳಿಯೋವಾಗ ಸಾಲು ಚದುರಿತು. ಅಲ್ಲಿಂದಾಚೆ ಡಬ್ಬಿಗುಂಡು. ತೆಳು ತಗಡಿನ ಡಬ್ಬಿಯೊಳಗೆ ಮರದ ಹೊಟ್ಟಿನ ನಡುವೆ 27 ಕಬ್ಬಿಣದ ಗೋಲಿ, 12 ಪೌಂಡ್ ನೆಪೋಲಿಯನ್ ತೋಪಿಗೆ. 400 ಗಜದೊಳಗೆ ಪರಿಣಾಮ, ಇನ್ನೂ ಹತ್ತಿರ ಬಂದ್ರೆ ಎರಡು ಡಬ್ಬಿ ಒಟ್ಟಿಗೆ. ಕೊನೆಗೆ ಬಲಪಕ್ಕೆಗೆ ಉತ್ತರದ ಸ್ಟ್ಯಾನರ್ಡ್‌ನ ವರ್ಮಾಂಟ್ ದಳ ತಿರುಗಿ ನಿಂತಿತು, ಎಡಪಕ್ಕೆಗೆ 8ನೇ ಒಹಾಯೊ ರೆಜಿಮೆಂಟು. ಮೂರು ಕಡೆ ಬೆಂಕಿ. ರೈಫಲ್ ಜಾಗದಲ್ಲಿ ಹಳೇ ಮಸ್ಕೆಟ್ ಇದ್ದಿದ್ದರೂ ಫಲಿತಾಂಶ ಬಹಳ ಬದಲಾಗುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಜೋಗಿಮಟ್ಟಿ ಗಾಳಿ
ಒಪ್ಪಲ್ಲ ಮಾಸ್ತರೇ. ಫ್ರೆಡರಿಕ್ಸ್‌ಬರ್ಗ್ ನೋಡಿ, 1862 ಡಿಸೆಂಬರ್ 13. ಮೇರೀಸ್ ಹೈಟ್ಸ್ ಕೆಳಗೆ ತಗ್ಗು ರಸ್ತೆ, ಮುಂದೆ ಕಲ್ಲಿನ ಗೋಡೆ. ಅಲ್ಲಿ ಗೋಡೆ ಹಿಂದೆ ನಾಲ್ಕು ಸಾಲು ನಿಂತು ಹಿಂದಿನವರು ತುಂಬಿ ಕೊಡೋದು, ಮುಂದಿನವರು ಹೊಡೆಯೋದು. ಉತ್ತರದವರು ಒಂದಾದ ಮೇಲೊಂದು ದಳ ಕಳಿಸಿದ್ರು, ಒಬ್ಬನೂ ಗೋಡೆ ಮುಟ್ಟಲಿಲ್ಲ. ಇಡೀ ಕಾಳಗದ ನಷ್ಟ ಉತ್ತರಕ್ಕೆ 12,600ರ ಹತ್ತಿರ, ದಕ್ಷಿಣಕ್ಕೆ 5,300 ಸುಮಾರು. ಅಲ್ಲಿ ಬಂದೂಕೇ ಕೆಲಸ ಮಾಡಿದ್ದು.

ಹೊಳಲ್ಕೆರೆ ಮಾಸ್ತರ್
ಬಂದೂಕಲ್ಲಪ್ಪ, ಗೋಡೆ! ಗುಂಡಿನ ದೂರ ಅಲ್ಲಿ ಪ್ರಶ್ನೆಯೇ ಅಲ್ಲ. ಊರಿನಿಂದ ಹೊರಬಿದ್ದವರು ಒಂದು ನೀರಿನ ಕಾಲುವೆ ದಾಟಬೇಕಿತ್ತು, ಅದಕ್ಕೆ ಇದ್ದದ್ದು ಬೆರಳೆಣಿಕೆಯ ಸೇತುವೆ. ಸಾಲು ಮುರಿದು ಒಬ್ಬರ ಹಿಂದೊಬ್ಬರಾಗಿ ಬಂದು, ಆಚೆ ಮತ್ತೆ ಸಾಲು ಕಟ್ಟಿ ಏರಬೇಕು. ಅಷ್ಟೊತ್ತೂ ಮೇಲಿಂದ ತೋಪು. ಗೋಡೆ ಹಿಂದಿರುವವನಿಗೆ ಕೈ ನಡುಗಲ್ಲ, ಆರಾಮಾಗಿ ತುಂಬ್ತಾನೆ, ತಗ್ಗಿಸಿ ಹೊಡೀತಾನೆ.

ಜೋಗಿಮಟ್ಟಿ ಗಾಳಿ
ಗೋಡೆ + ಬಂದೂಕು ಅನ್ನಿ. ಎರಡನ್ನ ಬಿಡಿಸೋಕಾಗಲ್ಲ. ಹಳೇ ಮಸ್ಕೆಟ್ಟು ನೂರು ಗಜಕ್ಕೆ ಗುರಿ ತಪ್ಪುತ್ತೆ, ಇದು ತಪ್ಪಲ್ಲ.

ಹರಿಹರ ಸೇತುವೆ
ಫ್ರೆಡರಿಕ್ಸ್‌ಬರ್ಗ್ ಸೋತದ್ದು ಡಿಸೆಂಬರ್ 13ಕ್ಕಲ್ಲ, ನವೆಂಬರಿನಲ್ಲೇ. ಉತ್ತರದ ಸೇನಾಪತಿ ಬರ್ನ್‌ಸೈಡ್ ನದಿ ದಂಡೆಗೆ ಬಂದಾಗ ಆಚೆ ಲೀ ಇನ್ನೂ ಸೇರಿರಲಿಲ್ಲ. ದೋಣಿಸೇತುವೆಯ ಸಾಮಾನು ಕಚೇರಿ ಕಾಗದದಲ್ಲಿ ಸಿಕ್ಕಿಕೊಂಡು ತಡವಾಗಿ ಬಂತು. ಆ ಅಂತರದಲ್ಲಿ ಲೀ ಗುಡ್ಡ ಹತ್ತಿ ಕೂತ. ದೋಣಿ ಬಂದಿದ್ದಿದ್ರೆ ಕಲ್ಲುಗೋಡೆಯ ಕತೆಯೇ ಇರ್ತಿರಲಿಲ್ಲ.

ಅದೇ ಉತ್ತರದ ಸೈನ್ಯ 1864ರ ಜೂನ್ 14ರಂದು ಜೇಮ್ಸ್ ನದಿಗೆ ಸುಮಾರು 2,200 ಅಡಿ ಉದ್ದದ ದೋಣಿಸೇತುವೆಯನ್ನ ಸಂಜೆ ನಾಲ್ಕಕ್ಕೆ ಶುರು ಮಾಡಿ ರಾತ್ರಿಯೊಳಗೆ ಮುಗಿಸ್ತು. 101 ದೋಣಿ. ಸಮುದ್ರದ ಉಬ್ಬರಕ್ಕೆ ನೀರು ಏರಿಳಿಯೋ ಜಾಗ, ನಡುವೆ ಬಹಳ ಆಳ. ಲಂಗರು ಸಾಲದೆ ದೊಡ್ಡ ಹಾಯಿ ಹಡಗು ನಿಲ್ಲಿಸಿ ಅದಕ್ಕೆ ಹಗ್ಗ ಬಿಗಿದ್ರು. ನಡುವಿನ ತುಂಡು ಬಿಚ್ಚಿ ಹಡಗು ಬಿಡೋ ಹಂಗೂ ಇತ್ತು. ಲೀಗೆ ಗ್ರಾಂಟ್ ನದಿ ದಾಟಿದ್ದು ಖಚಿತವಾಗೋಕೆ ದಿನಗಳೇ ಬೇಕಾದ್ವು.

ಅಕ್ಕತಂಗಿ ಹೊಂಡ
ಎಲ್ಲರೂ ಪೂರ್ವದ ಕಡೆಯೇ ನಿಂತ್ರಿ. ಎರಡನೇ ಪ್ರಶ್ನೆಗೆ ಬರೋಣ, ಅದೇ ದೊಡ್ಡದು.

ವಿಕ್ಸ್‌ಬರ್ಗ್ ಬಿದ್ದದ್ದು ಜುಲೈ 4ಕ್ಕಲ್ಲ, ಮೇ ತಿಂಗಳ 17 ದಿನಗಳಲ್ಲಿ. ಊರು ಮಿಸಿಸಿಪ್ಪಿಯ ಎತ್ತರದ ದಂಡೆ ಮೇಲೆ, ಉತ್ತರಕ್ಕೆ ಜೌಗು. 1862ರ ಡಿಸೆಂಬರಿನಲ್ಲಿ ಹಾಲಿ ಸ್ಪ್ರಿಂಗ್ಸ್‌ನ ಗ್ರಾಂಟ್ ಉಗ್ರಾಣವನ್ನ ದಕ್ಷಿಣದ ವಾನ್ ಡಾರ್ನ್ ಸುಟ್ಟ, ಚಿಕಸಾ ಬಯೂನಲ್ಲಿ ಗ್ರಾಂಟ್ ಕೈಕೆಳಗಿನ ಶರ್ಮನ್ ಪೆಟ್ಟು ತಿಂದ. ಚಳಿಗಾಲವೆಲ್ಲ ಕಾಲುವೆ ತೋಡಿ, ಜೌಗಿನ ಹಳ್ಳದಲ್ಲಿ ಹಡಗು ನುಗ್ಗಿಸಿ ನೋಡಿದ್ರು, ಒಂದೂ ಆಗಲಿಲ್ಲ. ಆಮೇಲೆ ಗ್ರಾಂಟ್ ಮಾಡಿದ್ದು ಇದು: ದಂಡನ್ನ ಪಶ್ಚಿಮ ದಂಡೆಯಲ್ಲಿ ದಕ್ಷಿಣಕ್ಕೆ ನಡೆಸಿದ. ಏಪ್ರಿಲ್ 16ರ ರಾತ್ರಿ ಉತ್ತರದ ನೌಕಾಪಡೆಯ ಪೋರ್ಟರ್ ತನ್ನ ಹಡಗುಗಳನ್ನ ಕೋಟೆ ತೋಪುಗಳ ಕೆಳಗೇ ಹರಿವಿನ ಜೊತೆ ಇಳಿಸಿದ. ಬಾಯ್ಲರ್ ಸುತ್ತ ಹತ್ತಿ ಪಿಂಡಿ, ಹುಲ್ಲಿನ ಪಿಂಡಿ ಒಟ್ಟಿದ್ರು, ಪಕ್ಕಕ್ಕೆ ಕಲ್ಲಿದ್ದಲಿನ ದೋಣಿ ಕಟ್ಟಿದ್ರು. ಹೆನ್ರಿ ಕ್ಲೇ ಅನ್ನೋ ಒಂದು ಸಾಗಣೆ ಹಡಗು ಉರಿದು ಹೋಯ್ತು, ಮಿಕ್ಕವು ಬಹುಪಾಲು ಪಾರಾದವು. ಮುಖ್ಯ ವಿಷಯ: ಹಾಗೆ ಇಳಿದ ಹಡಗು ವಾಪಸ್ ಹತ್ತೋದು ಕಷ್ಟ. ಹರಿವಿನ ಎದುರು ನಿಧಾನ, ತೋಪಿಗೆ ಸುಲಭದ ಗುರಿ. ಅಂದ್ರೆ ಗ್ರಾಂಟ್ ಹಿಂದಿನ ಬಾಗಿಲು ತಾನೇ ಮುಚ್ಕೊಂಡ.

ಅದೇ ವೇಳೆಗೆ ಉತ್ತರದ ಗ್ರಿಯರ್ಸನ್ 1,700 ಕುದುರೆ ಸವಾರರ ಜೊತೆ ಟೆನೆಸಿಯಿಂದ ಹೊರಟು ಇಡೀ ಮಿಸಿಸಿಪ್ಪಿ ರಾಜ್ಯ ಸೀಳಿಕೊಂಡು ಮೇ 2ಕ್ಕೆ ಬ್ಯಾಟನ್ ರೂಜ್ ಸೇರಿದ. ದಾರಿಯುದ್ದ ರೈಲುಹಳಿ, ತಂತಿ ಕಿತ್ತ. ಕೋಟೆಯ ಪೆಂಬರ್ಟನ್ ತನ್ನ ಜನರನ್ನ ಅವನ ಹಿಂದೆ ಓಡಿಸಿದ. ಇತ್ತ ಶರ್ಮನ್ ಉತ್ತರದಲ್ಲಿ ಹುಸಿ ಲಗ್ಗೆ. ಏಪ್ರಿಲ್ 30ರಂದು ಬ್ರೂಯಿನ್ಸ್‌ಬರ್ಗ್‌ನಲ್ಲಿ ಗ್ರಾಂಟ್ ನದಿ ದಾಟಿದಾಗ ಎದುರಿಗೆ ಯಾರೂ ಇರಲಿಲ್ಲ. ಆಮೇಲೆ ಪೋರ್ಟ್ ಗಿಬ್ಸನ್ ಮೇ 1, ರೇಮಂಡ್ 12, ಜಾಕ್ಸನ್ 14, ಚಾಂಪಿಯನ್ ಹಿಲ್ 16, ಬಿಗ್ ಬ್ಲ್ಯಾಕ್ ಸೇತುವೆ 17. ಐದು ಕಾಳಗ, ಐದೂ ಗೆಲುವು. ನೇರ ವಿಕ್ಸ್‌ಬರ್ಗ್‌ಗೆ ಹೋಗದೆ ಮೊದಲು ಪೂರ್ವಕ್ಕೆ ತಿರುಗಿ ಜಾಕ್ಸನ್ ರೈಲು ಜಂಕ್ಷನ್ ಮುರಿದದ್ದೇ ಇಡೀ ಯುದ್ಧದ ಅತಿ ಜಾಣ ನಡೆ ಅಂತ ನಾನು ಹೇಳ್ತೀನಿ. ದಕ್ಷಿಣದ ಇನ್ನೊಬ್ಬ ಸೇನಾಪತಿ ಜಾನ್‌ಸ್ಟನ್ ಒಂದು ಕಡೆ, ಪೆಂಬರ್ಟನ್ ಒಂದು ಕಡೆ ಆದ್ರು. ಕೊನೆವರೆಗೂ ಇಬ್ಬರೂ ಸೇರಲಿಲ್ಲ.

ಚನ್ನಗಿರಿ ಅಡಿಕೆ
ಅಕ್ಕಾ, ರಸದಿನ ದಾರಿ ಕಡಿದುಕೊಂಡು ಹೋಗಿ ಊರವರ ಅನ್ನ ತಿಂದು ಗೆದ್ದ ಅಂತಾರಲ್ಲ, ಅದು?

ಅಕ್ಕತಂಗಿ ಹೊಂಡ
ಅದು ಉಪ್ಪುಖಾರ ಹಚ್ಚಿದ ಮಾತು. ಮಾಂಸ, ಜೋಳ, ಹುಲ್ಲು ನಾಡಿನಿಂದ ತಗೊಂಡ, ನಿಜ. ಆದರೆ ಮದ್ದುಗುಂಡು, ಗಟ್ಟಿ ಬಿಸ್ಕತ್ತು, ಕಾಫಿ, ಉಪ್ಪು ಗ್ರ್ಯಾಂಡ್ ಗಲ್ಫ್‌ನಿಂದ ಗಾಡಿಯಲ್ಲಿ ಬರ್ತಾನೇ ಇತ್ತು. ಮದ್ದು ಹೊಲದಲ್ಲಿ ಬೆಳೆಯಲ್ಲವಲ್ಲ.

ಚಳ್ಳಕೆರೆ ಎಣ್ಣೆಗಾಣ
ರಸದಿನ ವಿಷಯ ಬಂದದ್ದಕ್ಕೆ ಗಾಡಿ ಲೆಕ್ಕ ನೋಡಿ, ಇದು ಗೊತ್ತಾಗದೆ ಇವರ ತಂತ್ರ ಗೊತ್ತಾಗಲ್ಲ. ಆರು ಹೇಸರಗತ್ತೆಯ ಗಾಡಿ, ಕೆಟ್ಟ ರಸ್ತೆಯಲ್ಲಿ 2,500 ಪೌಂಡ್ ಎಳೀತೈತೆ ಅನ್ನಿ. ಒಂದು ಹೇಸರಗತ್ತೆಗೆ ದಿನಕ್ಕೆ 9 ಪೌಂಡ್ ಕಾಳು, 14 ಪೌಂಡ್ ಹುಲ್ಲು. ಆರಕ್ಕೆ 138 ಪೌಂಡ್. ಮೇವು ಹೊತ್ಕೊಂಡೇ ಹೋಗಬೇಕು ಅಂದ್ರೆ 18 ದಿನಕ್ಕೆ ಗಾಡಿ ತನ್ನ ಹೊರೆಯನ್ನ ತಾನೇ ತಿಂದು ಮುಗಿಸ್ತೈತೆ. ಹೋಗಿ ಬರೋದು ಸೇರಿ ಅಂದ್ರೆ ಒಂಬತ್ತು ದಿನದ ದಾರಿಗೆ ದಂಡಿಗೆ ಸಿಗೋದು ಸೊನ್ನೆ. ಅದಕ್ಕೇ ಎರಡೂ ಕಡೆಯವರು ನದಿ ಇಲ್ಲ ರೈಲು ಬಿಟ್ಟು ದೂರ ಹೋಗ್ತಿರಲಿಲ್ಲ. ಹೋದ್ರೆ ಹುಲ್ಲು ಚೆನ್ನಾಗಿರೋ ಕಾಲದಲ್ಲಿ, ನಿಲ್ಲದೆ ನಡೀತಾ ಇರಬೇಕು. ಒಂದೇ ಕಡೆ ಬೀಡು ಬಿಟ್ಟರೆ ಸುತ್ತಲ ಮೇವು ವಾರದಲ್ಲಿ ಖಾಲಿ.

ಏಳುಸುತ್ತು
ಈ ಲೆಕ್ಕ ಚೆನ್ನಾಗಿದೆ. ಸರಿ, ಮೇ 18ಕ್ಕೆ ಕೋಟೆ ಬುಡಕ್ಕೆ ಬಂದ. ಆಮೇಲೆ?

ಅಕ್ಕತಂಗಿ ಹೊಂಡ
ಎದುರಾಳಿ ಸೋತು ಓಡಿ ಬಂದಿದ್ದಾನೆ, ಧೈರ್ಯ ಕುಗ್ಗಿದೆ ಅಂದ್ಕೊಂಡು 19ಕ್ಕೆ ಅವಸರದ ಲಗ್ಗೆ. ಆಗಲಿಲ್ಲ. 22ಕ್ಕೆ ಇಡೀ ಸಾಲಿನುದ್ದ ಏಕಕಾಲಕ್ಕೆ ಲಗ್ಗೆ, ಸೇನಾಧಿಪತಿಗಳ ಗಡಿಯಾರ ಹೊಂದಿಸಿಕೊಂಡು. ಸ್ಟಾಕೇಡ್ ರೆಡಾನ್ ಬುರುಜಿನ ಮುಂದೆ 150 ಜನ ಸ್ವಯಂಸೇವಕರು ದಿಮ್ಮಿ, ಹಲಗೆ, ಏಣಿ ಹೊತ್ತು ಕಂದಕಕ್ಕೆ ಸೇತುವೆ ಹಾಕೋಕೆ ಮೊದಲು ಓಡಿದ್ರು. ಆ ದಿನ ಉತ್ತರದ ನಷ್ಟ 3,199. ಆಮೇಲೆ ಸನಿಕೆ ಹಿಡಿದರು.

ಜೋಗಿಮಟ್ಟಿ ಗಾಳಿ
ಆ ಅಗೆತವೇ ಓದಬೇಕಾದ್ದು. ಕೋಟೆ ಸುತ್ತ 13 ದಾರಿಗಳಲ್ಲಿ ಕಂದಕ ತೋಡುತ್ತಾ ಹತ್ತಿರ ಹೋದ್ರು. ಮುಖ್ಯವಾದದ್ದು ಲೋಗನ್ ಪಡೆಯದು: ಎಂಟು ಅಡಿ ಅಗಲ, ಏಳು ಅಡಿ ಆಳ, ಅಂಕುಡೊಂಕು. ನೇರ ತೋಡಿದ್ರೆ ಮೇಲಿನವನು ಉದ್ದಕ್ಕೂ ಗುಂಡು ಹಾಯಿಸ್ತಾನೆ, ಅದಕ್ಕೇ ಪ್ರತಿ ತಿರುವೂ ಕೋಟೆಯ ಪಕ್ಕಕ್ಕೆ ಮುಖ ಮಾಡಿರಬೇಕು. ಮುಂದೆ ಒಂದು ದೊಡ್ಡ ಉರುಳೆ: ಜೊಂಡು, ಕಾಡುಬಳ್ಳಿ ಹೆಣೆದು ಒಳಗೆ ತುಂಬಿಸಿದ್ದು. ಅದನ್ನ ತಳ್ಳುತ್ತಾ ಹಿಂದೆ ಕೂತು ಅಗೀತಾರೆ. ಪಕ್ಕಕ್ಕೆ ತಳವಿಲ್ಲದ ಬುಟ್ಟಿ ನಿಲ್ಲಿಸಿ ಅಗೆದ ಮಣ್ಣು ಅದಕ್ಕೇ ತುಂಬ್ತಾರೆ. ಬುಟ್ಟಿ ತುಂಬಿದ್ರೆ ಗೋಡೆ.

ತರಬೇತಾದ ಎಂಜಿನಿಯರುಗಳು ಕೈಬೆರಳಿಗೂ ಸಾಲದಷ್ಟಿದ್ರು. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಕಲಿತ ಅಧಿಕಾರಿಗಳೆಲ್ಲ ತಮ್ಮ ಕೆಲಸದ ಜೊತೆ ಇದಕ್ಕೂ ಕೈ ಹಾಕಬೇಕು ಅಂತ ಗ್ರಾಂಟ್ ಆಜ್ಞೆ ಮಾಡಿದ. ಸುರಂಗಕ್ಕೆ ದಂಡಿನೊಳಗೇ ಇದ್ದ ಕಲ್ಲಿದ್ದಲು ಗಣಿಯವರನ್ನ ಆರಿಸಿದ್ರು. ಜೂನ್ 25ರಂದು 3ನೇ ಲೂಸಿಯಾನ ಬುರುಜಿನಡಿ 2,200 ಪೌಂಡ್ ಮದ್ದು ಸಿಡಿಸಿದ್ರು. ಬುರುಜು ಹಾರಿತು, ಆದ್ರೆ ಒಳಗಿದ್ದೋರು ಅಗೆತದ ಸದ್ದು ಕೇಳಿ ಮೊದಲೇ ಹಿಂದೆ ಇನ್ನೊಂದು ದಿಬ್ಬ ಕಟ್ಟಿದ್ರು. ಕುಳಿಗೆ ಇಳಿದ ಇಲಿನಾಯ್ ಸೈನಿಕರ ಮೇಲೆ ಬತ್ತಿ ಕತ್ತರಿಸಿದ ಸಿಡಿಗುಂಡು ಉರುಳಿಸಿದ್ರು. ಜುಲೈ 1ಕ್ಕೆ ಇನ್ನೊಂದು, 1,800 ಪೌಂಡ್. ಈ ಸಲ ಹಿಂದೆ ಲಗ್ಗೆ ಇಲ್ಲ, ಪಾಠ ಕಲಿತಿದ್ರು.

ಮಂಡಕ್ಕಿ ಮಿರ್ಚಿ
ನಮ್ ದುರ್ಗದ ಕೋಟಿ ಮುಂದ ಇದೆಲ್ಲ ನಡೀತಿತ್ತಾ? ಗ್ರಾಂಟ್ ಬಂದಿದ್ರ ಸನಿಕಿ ಮುರ್ಕೊಂಡು ಹೋಗ್ತಿದ್ದ.

ಏಳುಸುತ್ತು
ಅದು ಮಾತ್ರ ನಿಜ. ಇಲ್ಲಿ ಗ್ರಾನೈಟ್ ಬಂಡೆ, ಎಲ್ಲಿ ತೋಡ್ತಾರೆ? ನೀರಿಗೂ ಮಳೆ ಹೊಂಡಗಳ ಸರಪಳಿ ಇದೆ. ವಿಕ್ಸ್‌ಬರ್ಗ್ ಮಣ್ಣಿನ ಗುಡ್ಡ.

ಜೋಗಿಮಟ್ಟಿ ಗಾಳಿ
ವಿಕ್ಸ್‌ಬರ್ಗ್ ಮಣ್ಣು ವಿಚಿತ್ರ. ಗಾಳಿ ತಂದು ಹಾಕಿದ ನಯ ಮಣ್ಣು, ನೆಟ್ಟಗೆ ಕಡಿದ್ರೂ ಕುಸಿಯಲ್ಲ, ಆಸರೆ ಕಂಬ ಬೇಡ. ಅದಕ್ಕೇ ಊರ ಜನ ಗುಹೆ ತೋಡ್ಕೊಂಡು ಬದುಕಿದ್ದು, ಅದಕ್ಕೇ ಉತ್ತರದವರ ಕಂದಕವೂ ಬೇಗ ಸಾಗಿದ್ದು. ಎರಡೂ ಕಡೆಗೆ ಒಂದೇ ಮಣ್ಣು ಉಪಕಾರ ಮಾಡ್ತು.

ಹೊಳಲ್ಕೆರೆ ಮಾಸ್ತರ್
ಕಲ್ಲಿನ ಕೋಟೆ ಅಂತ ಬೀಗಬೇಡಿ. ದಕ್ಷಿಣದವರ ಕೈಲಿದ್ದ ಜಾರ್ಜಿಯದ ಫೋರ್ಟ್ ಪುಲಾಸ್ಕಿ, ಇಟ್ಟಿಗೆ ಗೋಡೆ ಏಳೂವರೆ ಅಡಿ ದಪ್ಪ. ನುಣುಪು ನಳಿಕೆಯ ತೋಪು ಮೈಲಿ ದೂರದಿಂದ ಏನೂ ಮಾಡಲ್ಲ ಅಂತ ಎಲ್ಲರೂ ನಂಬಿದ್ರು. 1862ರ ಏಪ್ರಿಲ್ 10–11ರಂದು ಉತ್ತರದ ಗಿಲ್‌ಮೋರ್ ಎದುರಿನ ದ್ವೀಪದಿಂದ ಗೀರು ನಳಿಕೆಯ ತೋಪು ಹಚ್ಚಿದ. ಮೂವತ್ತು ಗಂಟೆ. ಗೋಡೆ ತೂತಾಗಿ ಗುಂಡುಗಳು ಆಚೆ ಮೂಲೆಯ ಮದ್ದಿನಮನೆ ಕಡೆಗೆ ಹಾಯತೊಡಗಿದವು. ಕೋಟೆ ಶರಣು. ಅದೇ ಗಿಲ್‌ಮೋರ್ ಮರುವರ್ಷ ಚಾರ್ಲ್ಸ್‌ಟನ್ ಹತ್ತಿರದ ಫೋರ್ಟ್ ವ್ಯಾಗ್ನರ್ ಮುಂದೆ ತಿಂಗಳುಗಟ್ಟಲೆ ಕೂತ. ಅದು ಬರೀ ಮರಳು, ತಾಳೆ ಜಾತಿಯ ಮರದ ದಿಮ್ಮಿ. ಗುಂಡು ಬಿದ್ದರೆ ಮರಳು ನುಂಗುತ್ತೆ, ರಾತ್ರಿ ಸನಿಕೆಯಲ್ಲಿ ಸರಿ ಮಾಡ್ತಾರೆ. ಜುಲೈ 18ರ ಲಗ್ಗೆ, 54ನೇ ಮ್ಯಾಸಚೂಸೆಟ್ಸ್ ಕರಿಯ ಸೈನಿಕರದ್ದೂ ಸೇರಿ, ಮುರಿದುಬಿತ್ತು. ಒಳಗಿನವರು ಬಿಟ್ಟು ಹೋದದ್ದು ಸೆಪ್ಟೆಂಬರ್ 7ರ ಹೊತ್ತಿಗೆ.

ಏಳುಸುತ್ತು
ಇಟ್ಟಿಗೆ ಬೇರೆ, ಬಂಡೆಗೆ ಹೊಂದಿಸಿ ಕಟ್ಟಿದ ಕಲ್ಲು ಬೇರೆ ಸರ್. ಗೋಡೆ ಬಿದ್ದರೂ ಬಂಡೆ ಇರುತ್ತಲ್ಲ. ಅಲ್ಲದೆ ಒಂದು ಸುತ್ತು ಒಡೆದ್ರೆ ಇನ್ನೊಂದು. ದ್ವಾರಗಳೆಲ್ಲ ತಿರುವಿನಲ್ಲಿ.

ಹೊಳಲ್ಕೆರೆ ಮಾಸ್ತರ್
ಸುತ್ತು ಇರಲಿ, ಗೀರು ತೋಪಿನ ಸಿಡಿಗುಂಡು ಕಲ್ಲಿಗೆ ಬಿದ್ದರೆ ಚೂರುಗಳೇ ಒಳಗಿನವರಿಗೆ ಗುಂಡಾಗ್ತವೆ. 1779ರಲ್ಲಿ ಹೈದರನ ಹತ್ತಿರ ಅಂಥ ತೋಪಿರಲಿಲ್ಲ. ಮದಕರಿನಾಯಕನ ಕೋಟೆ ಬಿದ್ದ ಕಾರಣಗಳೇ ಬೇರೆ, ಅದನ್ನ ಇಲ್ಲಿ ಎಳೆದ್ರೆ ಮುಗಿಯಲ್ಲ.

ಹತ್ತಿ ಗಿರಣಿ (ದಾವಣಗೆರೆ)
ಹತ್ತಿ ಪಿಂಡಿ ಅಂದ್ರಲ್ಲ, ದಾವಣಗೆರೆಯೋರು ಸುಮ್ನಿರೋಕಾಗಲ್ಲ. ದಕ್ಷಿಣದ ದೊಡ್ಡ ಲೆಕ್ಕ ತಪ್ಪಿದ್ದು ರಣರಂಗದಲ್ಲಲ್ಲ, ಹತ್ತಿಯಲ್ಲಿ. 1861ರಲ್ಲಿ ಲಿಂಕನ್ 3,500 ಮೈಲಿ ಕರಾವಳಿಗೆ ದಿಗ್ಬಂಧನ ಸಾರಿದಾಗ ಉತ್ತರದ ಹತ್ತಿರ ಅದಕ್ಕೆ ಸಾಕಾಗೋ ಹಡಗಿರಲಿಲ್ಲ. ಆ ವರ್ಷವೇ ಹತ್ತಿ ಕಳಿಸಿ ಬಂದೂಕು ತರಿಸಿಕೊಳ್ಳಬಹುದಿತ್ತು. ಬದಲಿಗೆ ತಾವೇ ಹತ್ತಿ ಹಿಡಿದಿಟ್ರು, ಇಂಗ್ಲೆಂಡು ಹೊಟ್ಟೆಗಿಲ್ಲದೆ ನಮ್ಮ ಕಡೆ ಬರ್ತದೆ ಅಂತ. 1860ರ ಭರ್ಜರಿ ಬೆಳೆಯಿಂದ ಅಲ್ಲಿಯ ಗೋದಾಮು ತುಂಬಿತ್ತು! ಲ್ಯಾಂಕಾಷೈರ್ ಗಿರಣಿಗಳಿಗೆ ಬರ ತಟ್ಟೋ ಹೊತ್ತಿಗೆ ದಿಗ್ಬಂಧನ ಬಿಗಿಯಾಗಿತ್ತು, ಇಂಗ್ಲೆಂಡು ಈಜಿಪ್ಟ್, ಹಿಂದುಸ್ತಾನದ ಕಡೆ ತಿರುಗಿತ್ತು.

ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜ ಬಿತ್ತುತ್ತಿದ್ರು. ಬೆಲೆ ಏರಿದ್ದೇ ತಡ ಬೊಂಬಾಯಿಗೆ ಸಾಲುಸಾಲು ಗಾಡಿ. 1865ಕ್ಕೆ ಯುದ್ಧ ನಿಂತಿತು, ಬೆಲೆ ಕುಸೀತು, ಬೊಂಬಾಯಿಯಲ್ಲಿ ದಿವಾಳಿಗಳ ಸಾಲು.

ಚನ್ನಗಿರಿ ಅಡಿಕೆ
ಅಡಿಕೆ ಹಂಗೇ ಅಂತ ನಾನೇನೂ ಹೇಳಲ್ಲಪ್ಪ.

ಹರಿಹರ ಸೇತುವೆ
ರೈಲು ಯಾರೂ ಪೂರ್ತಿ ಹೇಳಲಿಲ್ಲ. ದಕ್ಷಿಣದಲ್ಲಿ ಬಹುಪಾಲು ಹಳಿ 5 ಅಡಿ ಅಗಲ, ವರ್ಜೀನಿಯ, ಉತ್ತರ ಕ್ಯಾರೊಲಿನದ ಬಹಳಷ್ಟು 4 ಅಡಿ 8½ ಇಂಚು. ಅಗಲ ಬದಲಾದ ಕಡೆ ಇಳಿ, ಹೊರು, ಹತ್ತು. 1863ರ ಸೆಪ್ಟೆಂಬರಿನಲ್ಲಿ ದಕ್ಷಿಣದವರು ಲಾಂಗ್‌ಸ್ಟ್ರೀಟ್ ದಂಡನ್ನ ಚಿಕಮಾಗ ಕಾಳಗಕ್ಕೆ ಕಳಿಸುವಾಗ ನೇರ ದಾರಿ ಕೈತಪ್ಪಿತ್ತು, ಕ್ಯಾರೊಲಿನಗಳ ಸುತ್ತು ಹಾಕಿ ಹೋದ್ರು. ಜನ ಹೇಗೋ ಮುಟ್ಟಿ ಕಾಳಗ ಗೆಲ್ಲಿಸಿದ್ರು, ತೋಪುಗಳು ಹಿಂದೆ ಬಿದ್ದವು. ಅದಕ್ಕೆ ಉತ್ತರವಾಗಿ ಉತ್ತರದವರು 20,000ಕ್ಕೂ ಹೆಚ್ಚು ಜನರನ್ನ 1,200 ಮೈಲಿ ಎರಡು ವಾರದೊಳಗೆ ಸಾಗಿಸಿದ್ರು.

ಶರ್ಮನ್ ಅಟ್ಲಾಂಟಾ ದಂಡಯಾತ್ರೆಯ ಲೆಕ್ಕ ತಾನೇ ಬರೆದಿಟ್ಟಿದ್ದಾನೆ: 473 ಮೈಲಿ ಒಂಟಿ ಹಳಿ, ಒಂದು ಲಕ್ಷ ಜನ, 35,000 ಪ್ರಾಣಿ, 196 ದಿನ. ಗಾಡಿಯಲ್ಲೇ ಮಾಡಬೇಕಿದ್ರೆ ಆರು ಹೇಸರಗತ್ತೆಯ 36,800 ಗಾಡಿ ಬೇಕಿತ್ತು, ಅದೂ ಒಂದೊಂದು ಎರಡು ಟನ್ ಹೊತ್ತು ದಿನಕ್ಕೆ 20 ಮೈಲಿ ನಡೆದರೆ. ಆ ನಾಡಿನ ರಸ್ತೆಯಲ್ಲಿ ಅದು ಆಗದ ಮಾತು ಅಂತ ಅವನೇ ಹೇಳ್ತಾನೆ.

ಮಂಡಕ್ಕಿ ಮಿರ್ಚಿ
ಹಳಿ ಕಿತ್ತು ಮರಕ್ಕೆ ಸುತ್ತಿದ್ದು ಇವನೇ ಅಲ್ವಾ?

ಹರಿಹರ ಸೇತುವೆ
ಇವನ ಜನರೇ. ಹಳಿ ಕಿತ್ತರೆ ಸಾಲದು, ಬಗ್ಗಿಸಿದ್ರೂ ಸಾಲದು. ಬಗ್ಗಿದ್ದನ್ನ ಕಾಯಿಸಿ ಬಡಿದು ನೇರ ಮಾಡಿ ಎರಡು ದಿನದಲ್ಲಿ ಮತ್ತೆ ಹಾಕ್ತಾರೆ, ಎರಡೂ ಕಡೆಯವರಿಗೆ ಅದು ಅಭ್ಯಾಸವಾಗಿತ್ತು. ಹಳಿ ಕೆಳಗಿನ ಮರದ ದಿಮ್ಮಿಗಳನ್ನೇ ಒಟ್ಟಿ ಬೆಂಕಿ ಹಾಕಿ, ಹಳಿಯ ನಡುಭಾಗ ಕೆಂಪಾದ ಮೇಲೆ ಎರಡು ತುದಿ ಹಿಡಿದು ತಿರುಚಬೇಕು. ತಿರುಚಿದ್ದು ಕಬ್ಬಿಣದ ಗಿರಣಿಗೆ ಹೋಗದೆ ಸರಿಯಾಗಲ್ಲ. ಅಂಥ ಗಿರಣಿ ದಕ್ಷಿಣದಲ್ಲಿ ಎಷ್ಟಿದ್ವು? ಅದಕ್ಕೇ ಎಂಜಿನಿಯರ್ ಪೋ ತಿರುಚೋಕೆ ಬೇರೆ ಕೊಕ್ಕೆಯನ್ನೇ ಮಾಡಿಸಿದ.

ಜೋಗಿಮಟ್ಟಿ ಗಾಳಿ
ಸುರಂಗದ ವಿಷಯ ವಿಕ್ಸ್‌ಬರ್ಗ್‌ಗೇ ನಿಲ್ಲಿಸಿದ್ರೆ ತಪ್ಪಾಗುತ್ತೆ. ಪೀಟರ್ಸ್‌ಬರ್ಗ್, 1864 ಜುಲೈ 30. ಉತ್ತರದ 48ನೇ ಪೆನ್ಸಿಲ್ವೇನಿಯ ರೆಜಿಮೆಂಟಿನ ಗಣಿ ಕೆಲಸಗಾರರು, ಪ್ಲೆಸೆಂಟ್ಸ್ ಮುಂದಾಳು. 511 ಅಡಿ ಸುರಂಗ. ಅಷ್ಟುದ್ದಕ್ಕೆ ಉಸಿರು ಹೇಗೆ? ಮೇಲೆ ಗಾಳಿಕಿಂಡಿ ತೆಗೆದ್ರೆ ಎದುರಾಳಿಗೆ ಕಾಣುತ್ತೆ. ಇವರು ತಮ್ಮದೇ ಸಾಲಿನ ಹತ್ತಿರ ಚಿಮಣಿ ತೋಡಿ ಅದರ ಬುಡದಲ್ಲಿ ಬೆಂಕಿ ಉರಿಸಿದ್ರು, ಸುರಂಗದ ಬಾಯಿಗೆ ಗಾಳಿಯಾಡದ ಬಾಗಿಲು ಹಾಕಿದ್ರು, ನೆಲದ ಮೇಲೆ ಮರದ ಕೊಳವೆ ಹೊರಗಿನಿಂದ ತುದಿವರೆಗೆ. ಬೆಂಕಿ ಕೆಟ್ಟ ಗಾಳಿಯನ್ನ ಮೇಲೆಳೆದಂಗೆ ಹೊಸ ಗಾಳಿ ಕೊಳವೆಯಲ್ಲಿ ತುದಿಗೆ ಬರುತ್ತೆ. 320 ಪೀಪಾಯಿ, 8,000 ಪೌಂಡ್ ಮದ್ದು. ಒಂದೇ ಉದ್ದದ ಬತ್ತಿ ಸಿಗದೆ ತುಂಡು ಜೋಡಿಸಿದ್ರು, ಜೋಡಿದ ಕಡೆಯೇ ಆರಿತು. ರೀಸ್ ಮತ್ತು ಡೌಟಿ ಒಳಗೆ ಹೋಗಿ ಮತ್ತೆ ಹಚ್ಚಿ ಬಂದ್ರು. ಬೆಳಿಗ್ಗೆ 4:44ಕ್ಕೆ ಸಿಡೀತು.

ಎಂಜಿನಿಯರಿಂಗ್ ನೂರಕ್ಕೆ ನೂರು, ಆಜ್ಞೆ ಸೊನ್ನೆ. ಕುಳಿಯ ಎಡಬಲಕ್ಕೆ ಹೋಗಬೇಕು ಅಂತ ತರಬೇತಾದ ಕರಿಯ ಸೈನಿಕರ ಪಡೆಯನ್ನ ಹಿಂದಿನ ದಿನ ಉತ್ತರದ ಸೇನಾಪತಿ ಮೀಡ್ ಬದಲಾಯಿಸಿದ. ಚೀಟಿ ಎತ್ತಿ ಲೆಡ್ಲಿ ಪಡೆ ಮುಂದೆ ಬಂತು. ಅವನು ಹಿಂದಿನ ಆಸರೆಯಲ್ಲಿ ಕುಡಿಯುತ್ತಾ ಕೂತ. ತಮ್ಮದೇ ಕಂದಕ ಹತ್ತೋಕೆ ಏಣಿ ಇರಲಿಲ್ಲ, ತಮ್ಮದೇ ಮುಳ್ಳುಬೇಲಿ ತೆಗೆದಿರಲಿಲ್ಲ. ಜನ ಮೂವತ್ತಡಿ ಆಳದ ಕುಳಿಯೊಳಗೇ ಇಳಿದ್ರು. ಅಂಚು ಸಡಿಲ ಮಣ್ಣು, ಹತ್ತೋಕಾಗಲ್ಲ. ಉತ್ತರದ ನಷ್ಟ ಸುಮಾರು 3,800.

ಚಳ್ಳಕೆರೆ ಎಣ್ಣೆಗಾಣ
ಹಂಗಾದ್ರೆ ಕಂದಕದ ಮೇಲೆ ಎದುರಿಂದ ಲಗ್ಗೆ ಗೆದ್ದದ್ದೇ ಇಲ್ವಾ? ಉತ್ತರದ ಅಪ್ಟನ್ ಲಗ್ಗೆಯ ಕತೆ ಹೇಳಿ ಯಾರಾದ್ರೂ.

ಹೊಳಲ್ಕೆರೆ ಮಾಸ್ತರ್
ಸ್ಪಾಟ್‌ಸಿಲ್ವೇನಿಯ, 1864 ಮೇ 10. ಹನ್ನೆರಡು ರೆಜಿಮೆಂಟು, ಸುಮಾರು 5,000 ಜನ, ಮೂರು ಮೂರರಂತೆ ನಾಲ್ಕು ಸಾಲು, ಕಾಡಿನ ಅಂಚಿನಲ್ಲಿ ಮಲಗಿಸಿದ. ಬಂದೂಕು ತುಂಬಿದೆ, ಆದರೆ ಕೇಪು ಮೊದಲ ಸಾಲಿಗೆ ಮಾತ್ರ. ಯಾಕೆ? ಕೇಪಿದ್ದರೆ ಬಯಲಲ್ಲಿ ನಿಂತು ಹೊಡೀತಾರೆ, ನಿಂತರೆ ಸಾಯ್ತಾರೆ. ಕೇಪಿಲ್ಲದವನಿಗೆ ಓಡೋದೇ ದಾರಿ. ಮೊದಲ ಸಾಲು ಒಳಹೊಕ್ಕು ಎಡ–ಬಲಕ್ಕೆ ತಿರುಗಬೇಕು, ಎರಡನೇದು ದಿಬ್ಬ ಹಿಡಿದು ಮುಂದಕ್ಕೆ ಹೊಡೀಬೇಕು, ಹಿಂದಿನವು ಕಾಯಬೇಕು. ಒಡೆದು ಒಳಗೆ ಹೋದ್ರು! ಬೆಂಬಲಕ್ಕೆ ಬರಬೇಕಿದ್ದ ಮಾಟ್ ಪಡೆ ತೋಪಿಗೆ ಸಿಕ್ಕಿ ಹಿಂದೆ ಸರೀತು, ಅಪ್ಟನ್ ವಾಪಸ್ ಬರಬೇಕಾಯ್ತು. ಎರಡು ದಿನದ ಮೇಲೆ ಹ್ಯಾಂಕಾಕ್ ಅದನ್ನೇ ಸುಮಾರು 20,000 ಜನರಲ್ಲಿ ಮಾಡಿದ. ಹಿಂದಿನ ರಾತ್ರಿ ಲೀ ಆ ಮೂಲೆಯ ತೋಪು ತೆಗೆಸಿದ್ದ, ಬೆಳಗ್ಗೆ ವಾಪಸ್ ಬರೋದು ತಡವಾಯ್ತು. ಒಳಗೆ ನುಗ್ಗಿದ 20,000 ಜನ ಒಬ್ಬರ ಮೇಲೊಬ್ಬರು ಬಿದ್ದು ಗುಂಪಾದ್ರು, ಸಾಲು ಕಟ್ಟೋಕೆ ಜಾಗವಿಲ್ಲ. ಒಡೆಯೋದು ಕಲಿತ್ರು, ಒಡೆದ ಮೇಲೆ ಏನು ಅನ್ನೋದು ಕಲೀಲಿಲ್ಲ.

ಜೋಗಿಮಟ್ಟಿ ಗಾಳಿ
ನೋಡಿ, ಕೇಪು ತೆಗೆಸಬೇಕಾಯ್ತು ಅಂದ್ರೇನೇ ಬಂದೂಕಿನ ಗುಂಡು ಬಯಲಲ್ಲಿ ನಿಂತವನನ್ನ ಕೊಲ್ತಿತ್ತು ಅಂತ ಅರ್ಥ. ನನ್ನ ವಾದ ಗೆದ್ದಿತು ಮಾಸ್ತರೇ.

ಹೊಳಲ್ಕೆರೆ ಮಾಸ್ತರ್
ಇನ್ನೂರು ಗಜದ ಬಯಲಪ್ಪ ಅದು. ಐನೂರಲ್ಲ.

ಏಳುಸುತ್ತು
ಇವರಿಬ್ಬರದು ಮುಗಿಯಲ್ಲ. ಅಕ್ಕಾ, ಉಪವಾಸದ ಪ್ರಶ್ನೆ ಬಾಕಿ ಇದೆ.

ಅಕ್ಕತಂಗಿ ಹೊಂಡ
ಉಪವಾಸ ಅರ್ಧ. 47 ದಿನದ ಕೊನೆಗೆ ಪಡಿ ಕಾಲುಭಾಗಕ್ಕೆ ಇಳಿದು, ಅಲಸಂದೆ ಹಿಟ್ಟಿನ ರೊಟ್ಟಿ, ಹೇಸರಗತ್ತೆ ಮಾಂಸ. ಮಿಕ್ಕರ್ಧ, ಬರುವವರು ಯಾರೂ ಇಲ್ಲ ಅನ್ನೋದು. ಗ್ರಾಂಟ್ 77,000ದವರೆಗೆ ದಂಡು ಬೆಳೆಸಿ, ಒಳಕ್ಕೆ ಮುಖ ಮಾಡಿದ ಒಂದು ಸಾಲು, ಹೊರಕ್ಕೆ ಜಾನ್‌ಸ್ಟನ್ ಕಡೆ ಮುಖ ಮಾಡಿದ ಇನ್ನೊಂದು ಸಾಲು ಶರ್ಮನ್ ಕೈಲಿ ಇಟ್ಟ. ಜಾನ್‌ಸ್ಟನ್ ಕೊನೆಗೂ ಕೈ ಹಾಕಲಿಲ್ಲ. ಕಂದಕಗಳು ಅಷ್ಟೊತ್ತಿಗೆ ಗೋಡೆಗೆ ಕೆಲವೇ ಗಜ. ಜುಲೈ 6ಕ್ಕೆ ಇನ್ನೊಂದು ಲಗ್ಗೆಯ ತಯಾರಿ ನಡೆದಿತ್ತು. ಪೆಂಬರ್ಟನ್ 29,500 ಜನ, 172 ತೋಪು ಒಪ್ಪಿಸಿದ. ಅಷ್ಟು ಜನರನ್ನ ಉತ್ತರಕ್ಕೆ ಸಾಗಿಸೋಕೆ ಹಡಗು ತಿಂಗಳುಗಟ್ಟಲೆ ಬೇಕಾಗ್ತಿತ್ತು ಅಂತ ಗ್ರಾಂಟ್ ಅವರಿಂದ ಮತ್ತೆ ಬಂದೂಕು ಹಿಡಿಯಲ್ಲ ಅನ್ನೋ ಮಾತು ತಗೊಂಡು ಬಿಟ್ಟುಬಿಟ್ಟ.

ಚನ್ನಗಿರಿ ಅಡಿಕೆ
ಗೋಡೆಗೆ ಅಷ್ಟು ಹತ್ತಿರ ಇದ್ದಾಗ ದೊಡ್ಡ ತೋಪಿಂದ ಹೊಡೆದ್ರೆ ತಮ್ಮವರಿಗೇ ಬೀಳಲ್ವಾ?

ಜೋಗಿಮಟ್ಟಿ ಗಾಳಿ
ಬೀಳುತ್ತೆ. ಬೇಕಾಗಿದ್ದು ಗುಂಡನ್ನ ಎತ್ತರಕ್ಕೆ ಎಸೆದು ದಿಬ್ಬದಾಚೆ ಇಳಿಸೋ ಸಣ್ಣ ಮಾರ್ಟರ್. ಗ್ರಾಂಟ್ ಹತ್ತಿರ ಪೋರ್ಟರ್ ನದಿಯಲ್ಲಿಟ್ಟಿದ್ದ ಭಾರೀ ಮಾರ್ಟರ್ ಬಿಟ್ರೆ ಬೇರೆ ಇರಲಿಲ್ಲ. ಸಿಕ್ಕಿದ ಗಟ್ಟಿ ಮರದ ದಿಮ್ಮಿ ಕಡಿದು, 6 ಇಲ್ಲ 12 ಪೌಂಡ್ ಸಿಡಿಗುಂಡು ಹಿಡಿಯೋಷ್ಟು ಕೊರೆದು, ಹೊರಗೆ ಕಬ್ಬಿಣದ ಪಟ್ಟಿ ಬಿಗಿದ್ರು. ಅದರಲ್ಲೇ ಹೊಡೆದ್ರು.

ಚನ್ನಗಿರಿ ಅಡಿಕೆ
ಮರ ಸೀಳಿ ಹೋಗಲ್ವಾ?

ಜೋಗಿಮಟ್ಟಿ ಗಾಳಿ
ಮದ್ದು ಬಹಳ ಕಮ್ಮಿ ಹಾಕ್ತಾರೆ. ಗುಂಡು ಹೋಗಬೇಕಾದ್ದು ಪಕ್ಕದ ಕಂದಕಕ್ಕೆ, ಅಷ್ಟೇ ದೂರ.